ಬೆರಳು ಬರುವವರೆಗೆ

ರೇಷನ್ ಅಂಗಡಿಯಲ್ಲಿ ನನ್ನ ಬೆರಳು ಬರುವುದಿಲ್ಲ.
'ಒರೆಸಿ ಇಡು, ಒತ್ತಿ ಇಡು, ಎಡಗೈ ಇಡು' ಅನ್ನುತ್ತಾನೆ ಅಂಗಡಿಯವ.
ಹಿಂದೆ ನಿಂತ ಹೆಂಗಸರು ಚೀಲ ಬದಲಿಸುತ್ತಾರೆ ಕೈಯಿಂದ ಕೈಗೆ.
ಕಾಳಿ ನದಿಯ ಕಲ್ವ ಕಿತ್ತ ಕೈ ಇದು,
ಮುರಿದುಬಿದ್ದ ಹಳೇ ಸೇತುವೆಯ ಕಂಬಕ್ಕೆ ಕಚ್ಚಿಕೊಂಡ ಚಿಪ್ಪು
ಗೆರೆಗಳನ್ನೆಲ್ಲ ಕೆರೆದು ತಿಂದಿದೆ.
ಕಡೆಗೆ ಚಂದ್ರಭಾಗಿ ಮುಂದೆ ಬಂದು ತನ್ನ ಬೆರಳಿಟ್ಟು
ಅಕ್ಕಿ ಬಿಡಿಸಿಕೊಳ್ಳುತ್ತಾಳೆ, ನನ್ನ ಮುಖ ನೋಡದೆ.

ಪಣಜಿಯ ಹಡಗಿನಲ್ಲಿ ಹಾಗಿರಲಿಲ್ಲ, ಮೊದಮೊದಲು.
ಆಗ ನಾನು ಬೋಟಿನ ಇಂಜಿನ್ ನೋಡುವವ, ಬೆರಳಲ್ಲಿ ಗೆರೆ ಇದ್ದವು.
ಹಡಗು ಅಂದರೆ ನಗು ಬರುತ್ತದೆ. ಎಲ್ಲಿಗೂ ಹೋಗದ ಹಡಗು,
ಬೈತಖೋಲದ ಹಳೇ ಬೋಟಿಗಾದರೂ ಬಲೆ ಇದೆ, ನಾತ ಇದೆ.
ಆದರೆ ಅಲ್ಲಿ ಯಂತ್ರದ ಎದೆಯಲ್ಲಿ ಉಗುರಗಲದ ಗಾಜು,
ಹೆಬ್ಬೆಟ್ಟು ಇಟ್ಟದ್ದೇ ತಡ
ಹಸಿರು ಬೆಳಕು: 'ಸ್ವಾಗತ, ಪುರಸು ಸಾಹೇಬರೇ.'
ಕಾರವಾರದ ಯಾವ ಬ್ಯಾಂಕೂ ನನ್ನನ್ನು ಸಾಹೇಬ ಅಂದಿದ್ದಿಲ್ಲ.
ಎಷ್ಟು ಹೊತ್ತಿಗೆ ನನಗೆ ಆಕಳಿಕೆ, ಎಷ್ಟು ಸೋತರೆ ನಾನು ಏಳುತ್ತೇನೆ,
ಏಳುವ ಒಂದು ಗಳಿಗೆ ಮೊದಲು ಲಿಂಬು ಸೋಡಾ ಕಳಿಸಬೇಕೆಂದು
ಅದಕ್ಕೆ ಗೊತ್ತಿತ್ತು.
ಚಂದ್ರಭಾಗಿಗೆ ಗೊತ್ತಾಗಲು ಹದಿನಾಲ್ಕು ವರ್ಷ ಬೇಕಾಯಿತು.

ಅಪ್ಪ ಹೆಬ್ಬೆಟ್ಟಿನವ.
ನೌಕಾನೆಲೆಗೆ ಊರು ಹೋಗುವಾಗ
ಜಟ್ಟಿ ಹರಿಕಂತ್ರ ಎಂದು ಯಾರೋ ಬರೆದ ಹೆಸರಿನ ಕೆಳಗೆ
ನೀಲಿ ಶಾಯಿ ಹಚ್ಚಿ ಒತ್ತಿದ:
ಮನೆ, ಬಾವಿ, ಬಲೆ ಒಣಗಿಸುವ ಅಷ್ಟುದ್ದ ಮರಳು.
ಆಮೇಲೆ ಮೂರು ದಿನ
ಬೆರಳಿನ ನೀಲಿ ಅನ್ನಕ್ಕೆ ತಾಗದ ಹಾಗೆ
ನಾಲ್ಕೇ ಬೆರಳಲ್ಲಿ ತುತ್ತು ಮಾಡಿದ.
ಕೋರ್ಟು ಹತ್ತಿ ಇಳಿದು ಹೆಚ್ಚಿನ ಪರಿಹಾರ ಬರುವಷ್ಟರಲ್ಲಿ
ಅವನಿಲ್ಲ. ಹಣ ನನ್ನ ಖಾತೆಗೆ ಬಂತು.
ಅವನ ಹೆಬ್ಬೆಟ್ಟು ತಂದದ್ದನ್ನು ನನ್ನ ಹೆಬ್ಬೆಟ್ಟು
ಎರಡು ಮಳೆಗಾಲದಲ್ಲಿ ಕಳೆಯಿತು.
ಬೋಟು ನಿಂತಿರುವ ತಿಂಗಳುಗಳು. ಮಾಜಾಳಿ ದಾಟಿಸುವ ಬಸ್ಸು ಇದ್ದೇ ಇದೆ.

ಚಂದ್ರಭಾಗಿ ಬೈಯಲಿಲ್ಲ. ಒಂದು ದಿನ ಮೀನಿನ ಬುಟ್ಟಿ ಪಕ್ಕದವಳಿಗೆ ಒಪ್ಪಿಸಿ
ನನ್ನ ಜೊತೆ ಬಸ್ಸು ಹತ್ತಿದಳು. ಹಡಗಿನ ಆಫೀಸಿನಲ್ಲಿ
ಕೊಂಕಣಿಯಲ್ಲೇ ಜಗಳಾಡಿ ಒಂದು ಫಾರಂ ತರಿಸಿದಳು,
'ನನ್ನನ್ನು ಆಡಲು ಬಿಡಬೇಡಿ' ಅಂತ ನಾನೇ ಕೊಡುವ ಫಾರಂ.
ಸಹಿ ಬೇಡ, ಬೆರಳು ಸಾಕು ಅಂದರು.
ಇಟ್ಟೆ. ಅಂದಿನಿಂದ ಯಾವ ಯಂತ್ರ ಮುಟ್ಟಿದರೂ ಕೆಂಪು.
ಕದ್ದು ಹೋಗಿ ನೋಡಿದ್ದೇನೆ, ಮೂರು ಸಲ.
ಗುರುತು ಹಿಡಿದು, ಹೆಸರು ಕೂಗಿ, ಹೊರಗೆ ಕಳಿಸಿತು
ಮದುವೆಯೂಟದ ಪಂಕ್ತಿಯಿಂದ ಎಬ್ಬಿಸಿದ ಹಾಗೆ.

ಬೋಟಿನವರು ಬೇಡ ಅಂದರು. ಕಲ್ವಕ್ಕೆ ಇಳಿದೆ.
ಇಳಿತದ ನೀರಲ್ಲಿ ಸೊಂಟದವರೆಗೆ ನಿಂತು ಇಪ್ಪತ್ತು ದಿನ.
ಇಪ್ಪತ್ತೊಂದನೆಯ ಸಂಜೆ ಗಾಜಿನ ಮೇಲೆ ಬೆರಳಿಟ್ಟರೆ
ಕೆಂಪೂ ಇಲ್ಲ, ಹಸಿರೂ ಇಲ್ಲ.
ಯಂತ್ರ ತುಸು ಯೋಚಿಸಿತು. ಆಮೇಲೆ ಬಹಳ ಮರ್ಯಾದೆಯಿಂದ
'ಹೊಸಬರೇ? ನಿಮ್ಮ ಹೆಸರು?'
ಚೀಟಿ ಕೇಳುವ ಹುಡುಗ ಊಟಕ್ಕೆ ಹೋಗಿದ್ದ.
ಪರದೆಯ ಮೇಲೆ ನನ್ನ ಬೆರಳು, ತೆಂಗಿನಕಾಯಿಯಷ್ಟು ದೊಡ್ಡದು,
ಭರತ ಇಳಿದ ದಂಡೆಯ ಹಾಗೆ ನುಣ್ಣಗೆ.
ಒಂದೇ ಒಂದು ಗಾಯದ ಗೆರೆ, ಏಡಿ ನಡೆದು ಹೋದಂತೆ.
ನಾನು ಬರೆದೆ: ಜಟ್ಟಿ.
ಹಸಿರಾಯಿತು.
'ಸ್ವಾಗತ, ಜಟ್ಟಿ ಸಾಹೇಬರೇ.'

ಎಷ್ಟು ಹೋಯಿತು ಅಂತ ಇಲ್ಲಿ ಹೇಳುವುದಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಚಂದ್ರಭಾಗಿ ನನ್ನ ಕೈ ಎಳೆದುಕೊಂಡು
ಒಂದೊಂದೇ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾಳೆ.
ರೇಷನ್ನಿಗೆ ಅನ್ನುತ್ತಾಳೆ. ರೇಷನ್ನಿಗೆ ಅಲ್ಲ, ಇಬ್ಬರಿಗೂ ಗೊತ್ತು.
ಗೆರೆ ಮೂಡಬೇಕು, ನಾನು ಮತ್ತೆ ನಾನಾಗಬೇಕು,
ಆಗ ಅವರು ನನ್ನನ್ನು ಹೊರಗೆ ಹಾಕಬೇಕು.
ದೀಪದ ಬುಡದಲ್ಲಿ ಹೆಬ್ಬೆಟ್ಟು ಹಿಡಿದು
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡಿ
'ಬರ್ತಾ ಅದೆ' ಅನ್ನುತ್ತಾಳೆ, 'ಇಲ್ಲಿ, ತುದಿಗೆ.'

ಆಯ್ತವಾರದ ಸಂತೆಯಿಂದ ರಬ್ಬರಿನ ಕೈಗವಸು ತಂದಿದ್ದಾಳೆ, ಹಳದಿ.
ಬಾಗಿಲ ಹಿಂದಿನ ಮೊಳೆಗೆ ತೂಗಿವೆ.
ನಸುಕಿನಲ್ಲಿ ಇಳಿತ ಶುರುವಾದಾಗ
ಅವುಗಳ ಪಕ್ಕದಿಂದ ನಾನು ಬುಟ್ಟಿ ತೆಗೆದುಕೊಳ್ಳುತ್ತೇನೆ.
ದಿನಾ ಒಂದು ಕ್ಷಣ ನಿಲ್ಲುತ್ತೇನೆ.
ಗಾಳಿಗೆ ಹತ್ತು ಬೆರಳೂ ಸ್ವಲ್ಪ ಉಬ್ಬುತ್ತವೆ,
ಒಳಗೆ ಯಾರೋ ಕೈ ಹಾಕಿದ ಹಾಗೆ.